ಐತವಾರದ ತಪ್ಪುಗಳು

ನಮ್ಮ ಭಾಗದಲ್ಲಿ ಒಂದು ಕಾಲಕ್ಕೆ ವಿಮಾನ ಹಾರಿಸುವವರಿದ್ದರು ಎಂದರೆ ಯಾರೂ ನಂಬುವುದಿಲ್ಲ. ನನ್ನ ಮೊಮ್ಮಗಳೇ ನಂಬುವುದಿಲ್ಲ. ಅಜ್ಜ ವಿಮಾನ ಹಾರಿಸುತ್ತಿದ್ದರು ಎಂದರೆ, ಸೋಫಾದ ಮೇಲೆ ಕೂತು ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆಯುತ್ತಿರುವ ಅಜ್ಜನನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾಳೆ. ನಗಲಿ ಬಿಡಿ. ಉಳಿದ ಕತೆ ಅವಳಿಗೆ ನಾನು ಹೇಳಿಲ್ಲ. ಅವರಂತೂ ಹೇಳುವುದಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಹಾರಿಸುವ ಪರವಾನಗಿ ಇದ್ದವರು ನಮ್ಮಲ್ಲಿ ಐದು ಜನ. ಚಿಕ್ಕೋಡಿಗೊಬ್ಬರು, ನಿಪ್ಪಾಣಿಗೊಬ್ಬರು, ರಾಯಬಾಗಕ್ಕೊಬ್ಬ, ಕಾಗವಾಡಕ್ಕೊಬ್ಬರು, ಅಥಣಿಗೆ ನಮ್ಮ ಮನೆಯವರು. ಯಾರೋ ಕೂತು ತಾಲೂಕುವಾರು ಹಂಚಿದ ಹಾಗಿತ್ತು. ಐದೂ ಜನಕ್ಕೆ ಸೇರಿ ಇದ್ದದ್ದು ಒಂದೇ ವಿಮಾನ. ಇಬ್ಬರು ಕೂರುವಂಥದ್ದು, ಎಲ್ಲೋ ಮುಚ್ಚಿಹೋದ ಒಂದು ಹಾರಾಟದ ಕ್ಲಬ್ಬಿನಿಂದ ತಂದದ್ದು. ರಾಯಬಾಗ ತಾಲೂಕಿನ ಒಂದು ಬರಡು ಜಮೀನನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದು, ಮೊರಮು ಹಾಕಿ, ರೋಲರ್ ಹೊಡೆಸಿ, ಅದು ಇಳಿಯುವ ಪಟ್ಟಿ ಮಾಡಿದ್ದರು. ಪಕ್ಕದಲ್ಲಿ ಒಂದು ತಗಡಿನ ಪತ್ರಾಸಿನ ಶೆಡ್ಡು. ಕುರಿಯವರು ಮಂದೆ ಬಿಟ್ಟುಕೊಂಡು ಅಲ್ಲೇ ನೆರಳಿಗೆ ಕೂರುತ್ತಿದ್ದರು.

ಆ ವಿಮಾನದಿಂದ ಉಪಯೋಗವೇನು ಎಂದು ಕೇಳಬೇಡಿ. ಇವರು ಎಲ್ಲಿಗೂ ಹೋಗುತ್ತಿರಲಿಲ್ಲ. ಮೇಲೆ ಹೋಗುವುದು, ಕೃಷ್ಣೆಯ ಗುಂಟ ಒಂದಿಷ್ಟು ಸುತ್ತುವುದು, ಕಬ್ಬಿನ ಪಟ್ಟಿಗಳನ್ನೂ ದ್ರಾಕ್ಷಿ ತೋಟಗಳನ್ನೂ ಮೇಲಿಂದ ನೋಡುವುದು, ಇಳಿಯುವುದು. ನಮ್ಮ ಅತ್ತೆ ಬದುಕಿರುವ ತನಕ ಒಂದೇ ಪ್ರಶ್ನೆ ಕೇಳಿದರು: "ಹೋಗಿ ಏನ ತರ್ತಾನವಾ ಅಂವಾ ಮ್ಯಾಲಿಂದ?" ಏನೂ ತರುತ್ತಿರಲಿಲ್ಲ. ಆದರೆ ಇಳಿದು ಮನೆಗೆ ಬಂದ ದಿನ ಅವರ ಮುಖ ನೋಡಬೇಕಿತ್ತು. ನಮ್ಮ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದು, ಆಳುಗಳ ಮೇಲೆ ಕೂಗಿ, ದಲಾಲರ ಜೊತೆ ಜಗಳಾಡಿ ಗಂಟಿಕ್ಕಿಕೊಂಡಿರುತ್ತಿದ್ದ ಮುಖ ಸಡಿಲಾಗಿ, ಮದುವೆಯ ಹೊಸತರಲ್ಲಿ ನಾನು ಕಂಡಿದ್ದ ಮುಖ ಆಗಿರುತ್ತಿತ್ತು. ಆ ಮುಖಕ್ಕಾಗಿ ನಾನು ಎಲ್ಲವನ್ನೂ ಸಹಿಸಿದೆ. ಪ್ರತಿ ಐದು ವಾರಕ್ಕೊಮ್ಮೆ ಬರುತ್ತಿದ್ದ ಐತವಾರದ ದಂಡನ್ನೂ ಸಹಿಸಿದೆ.

ಐತವಾರ ಅವರ ಸಭೆ. ಒಂದು ವಾರ ಒಬ್ಬರ ಮನೆ, ಮುಂದಿನ ವಾರ ಇನ್ನೊಬ್ಬರ ಮನೆ. ಶುರು ಮಾಡಿದವರು ಚಿಕ್ಕೋಡಿಯವರು. ಸೈನ್ಯದ ವಿಮಾನಗಳನ್ನು ಹಾರಿಸಿ ನಿವೃತ್ತರಾದವರು, ಎಲ್ಲರಿಗಿಂತ ಹಿರಿಯರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಜೀಪಿನ ಹಿಂದೆ ಒಂದು ಕರಿಹಲಗೆ ಕಟ್ಟಿಕೊಂಡೇ ಬರುತ್ತಿದ್ದರು. ಮೊದಲು ಪಾಠ. ಗಾಳಿ ಯಾವ ಕಡೆಯಿಂದ ಬಂದರೆ ಹೇಗೆ ಇಳಿಯಬೇಕು, ಬೇಸಿಗೆಯ ಬಿಸಿಲಲ್ಲಿ ವಿಮಾನ ಯಾಕೆ ಏಳಲು ಒದ್ದಾಡುತ್ತದೆ, ಪೆಟ್ರೋಲನ್ನು ಮುಳ್ಳು ನೋಡಿ ನಂಬದೆ ಕೋಲು ಅದ್ದಿ ಯಾಕೆ ನೋಡಬೇಕು. ಪಾಠ ಮುಗಿದ ಮೇಲೆ ತಪ್ಪು ಹೇಳುವುದು.

ಈ ತಪ್ಪು ಹೇಳುವುದೇ ಆ ಸಭೆಯ ಜೀವ. ಹಿಂದಿನ ಐತವಾರದಿಂದ ಈ ಐತವಾರದೊಳಗೆ ಮೇಲೆ ತಾನು ಮಾಡಿದ ತಪ್ಪನ್ನು ಪ್ರತಿಯೊಬ್ಬರೂ ಎಲ್ಲರ ಮುಂದೆ ಹೇಳಬೇಕು. ಕೇಳುವವರು ನಗಬಾರದು, ಪಾಟೀ ಸವಾಲು ಹಾಕಬಾರದು. ಕೇಳಿದ್ದು ಆ ಮನೆಯಿಂದ ಹೊರಗೆ ಹೋಗಬಾರದು. ಮೊದಲ ದಿನ ನಮ್ಮ ಪಡಸಾಲೆಯಲ್ಲಿ ನಿಂತು ಸಾಹೇಬರು ಹೇಳಿದ್ದು ನನಗೆ ಅಡುಗೆಮನೆಗೂ ಕೇಳಿಸಿತ್ತು: "ಮ್ಯಾಲ ತಪ್ಪ ಮಾಡಿದಾಂವ ಕೆಳಗ ಬಂದ ಹೇಳಿದ್ರ, ಉಳದ ನಾಕ ಮಂದಿ ಉಳಿತಾರ. ಮುಚ್ಚಿಟ್ಟರ ಅವನೂ ಉಳಿಯೂದಿಲ್ಲ."

ನನಗೆ ಅದು ಹಿಡಿಸಿತ್ತು. ನಾವು ಜೈನರು. ಭಾದ್ರಪದದ ಪರ್ವ ಮುಗಿದ ಮೇಲೆ ಮನೆಮನೆಗೆ ಹೋಗಿ ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳುವವರು. ತಪ್ಪು ಹೇಳಿಕೊಂಡು ಹಗುರಾಗುವುದು ನಮಗೆ ಹೊಸದಲ್ಲ. ವರ್ಷಕ್ಕೊಮ್ಮೆ ಮಾಡುವುದನ್ನು ಇವರು ವಾರಕ್ಕೊಮ್ಮೆ ಮಾಡುತ್ತಿದ್ದಾರೆ ಎಂದುಕೊಂಡೆ. ಕಾಗವಾಡದ ಕಾಕಾ ಕುರಿ ಇರುವುದನ್ನು ನೋಡದೆ ಇಳಿಯಲು ಹೋಗಿದ್ದನ್ನು ಹೇಳಿದರು. ಸಾಹೇಬರೇ ಒಮ್ಮೆ ಮೇಲೆ ತೂಕಡಿಸಿದ್ದನ್ನು ಹೇಳಿದರು. ಅಷ್ಟು ದೊಡ್ಡ ಮನುಷ್ಯರು ಸಣ್ಣ ದನಿಯಲ್ಲಿ ತಮ್ಮ ತಪ್ಪು ಹೇಳುವುದನ್ನು ಬಾಗಿಲ ಹಿಂದೆ ನಿಂತು ಕೇಳಿದರೆ ಅವರ ಮೇಲಿನ ಗೌರವ ಹೆಚ್ಚುತ್ತಿತ್ತು. ಆಗ ಹಾಗನ್ನಿಸಿದ್ದು ನಿಜ, ಸುಳ್ಳು ಯಾಕೆ ಹೇಳಲಿ.

ಹೊತ್ತು ಮುಳುಗುವುದರೊಳಗೆ ಊಟ. ನಮ್ಮದು, ಕಾಗವಾಡದ್ದು, ರಾಯಬಾಗದ್ದು, ಐದರಲ್ಲಿ ಮೂರು ಮನೆ ಜೈನರದು, ಕತ್ತಲಾದ ಮೇಲೆ ಉಣ್ಣುವಂತಿಲ್ಲ. ನಿಪ್ಪಾಣಿಯ ತಂಬಾಕಿನ ಸಾವ್ಕಾರರು ಇದನ್ನೇ ಹಿಡಿದು ಪ್ರತಿ ಸಲ ಚೇಷ್ಟೆ ಮಾಡುತ್ತಿದ್ದರು: "ಇವ್ರ ಮನ್ಯಾಗ ಮೀಟಿಂಗ ಅಂದ್ರ ಸೂರ್ಯಾನ ಚೇರಮನ್ನ ನೋಡ್ರಿ." ಆಮೇಲೆ ಉಳ್ಳಾಗಡ್ಡಿ ಇಲ್ಲದ ಪಲ್ಯಕ್ಕೆ ಮೂಗು ಮುರಿಯುತ್ತ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಗಂಡಸರು ಉಂಡೆದ್ದ ಮೇಲೆ ಹೆಂಗಸರದು. ಐದು ಜನ ಹೆಂಡಂದಿರೂ ಬಂದಿರುತ್ತಿದ್ದೆವು. ರೊಟ್ಟಿ ಬಡಿಯುವುದು, ಮಡಿಕೆಕಾಳಿನ ಉಸುಳಿ ಒಗ್ಗರಿಸುವುದು, ಶೇಂಗಾದ ಹೋಳಿಗೆ ಬೇಯಿಸುವುದು ನಮ್ಮ ಪಾಲಿನ ಹಾರಾಟ. ರಾಯಬಾಗದ ಹುಡುಗನ ಹೆಂಡತಿ ಎಲ್ಲರಿಗಿಂತ ಸಣ್ಣವಳು. ಮುಗಳಖೋಡದಿಂದ ಮದುವೆಯಾಗಿ ಬಂದವಳು, ನನ್ನನ್ನು ಸ್ವಂತ ಅತ್ತಿಗೆಯ ಹಾಗೆ ವೈನಿ ವೈನಿ ಎಂದು ಅಂಟಿಕೊಂಡೇ ಇರುತ್ತಿದ್ದಳು. ಅವಳ ಗಂಡನೂ ಹಾಗೆಯೇ. ನಮ್ಮ ಮನೆಯವರನ್ನು ಅಣ್ಣಾರು ಎನ್ನುತ್ತಿದ್ದ. ಬುಧವಾರ ತನ್ನ ಸರದಿ ಮುಗಿಸಿ ಎಷ್ಟೋ ಸಲ ನೇರ ನಮ್ಮ ತೋಟಕ್ಕೆ ಬಂದು, ಮೇಲೆ ಏನೇನು ಮಾಡಿದೆ ಎಂದು ವರದಿ ಒಪ್ಪಿಸಿ ಹೋಗುತ್ತಿದ್ದ.

ಸರದಿಯ ಮಾತು ಹೇಳಲೇಬೇಕು. ವಿಮಾನ ಒಂದೇ ಆದ್ದರಿಂದ ಒಬ್ಬೊಬ್ಬರಿಗೆ ವಾರದಲ್ಲಿ ಒಂದೊಂದು ದಿನ. ನಮ್ಮವರದು ಶುಕ್ರವಾರ. ತನ್ನ ದಿನ ತಪ್ಪಿಸಿಕೊಂಡವರಿಗೆ ಮತ್ತೆ ಮುಂದಿನ ವಾರವೇ. ಗಾಳಿ ಮಳೆಗೆ ತಪ್ಪಿದರೂ ಅಷ್ಟೇ, ಮನೆಯ ಕೆಲಸಕ್ಕೆ ತಪ್ಪಿದರೂ ಅಷ್ಟೇ. ಅದಕ್ಕಾಗಿ ಯಾರೂ ತಮ್ಮ ದಿನ ಬಿಡುತ್ತಿರಲಿಲ್ಲ. ಬಿಡುವುದು ಅವಮಾನ ಎನ್ನುವಷ್ಟರ ಮಟ್ಟಿಗೆ ಬಂದಿತ್ತು.

ಒಂದು ಬೇಸಿಗೆಯಲ್ಲಿ ಚತುರ್ದಶಿ ಶುಕ್ರವಾರವೇ ಬಂತು. ಚತುರ್ದಶಿಗೆ ನಮ್ಮ ಮನೆಯವರದು ಉಪವಾಸ, ನೀರೂ ಮುಟ್ಟದ ಉಪವಾಸ. ಅವರ ತಂದೆಯ ಕಾಲದಿಂದ ನಡೆದು ಬಂದದ್ದು. ಬೆಳಿಗ್ಗೆ ಜಿನ ಬಸ್ತಿಗೆ ಹೋಗಿ ಬಂದು, ಮಧ್ಯಾಹ್ನದ ಬಿಸಿಲಲ್ಲಿ ತೋಟ ಸುತ್ತಿ, ಆಮೇಲೆ ಮೋಟಾರ್ ಸೈಕಲ್ ಹತ್ತಿ ರಾಯಬಾಗದ ದಾರಿ ಹಿಡಿದರು. ಇವತ್ತು ಬೇಡ ಎಂದು ನಾನೂ ಅನ್ನಲಿಲ್ಲ. ಅನ್ನಬೇಕು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಮರುದಿನ ಪಾರಣೆಗೆ ಕೂತಾಗ, ಮೊದಲ ಗುಟುಕು ನೀರು ಕುಡಿದು, ಹೇಳಿದರು. ಇಳಿಯಲು ಸುತ್ತು ಹಾಕುವಾಗ ಕಣ್ಣಿಗೆ ಕತ್ತಲೆ ಬಂತಂತೆ. ಎಷ್ಟು ಹೊತ್ತು ಎಂದು ಅವರಿಗೇ ಗೊತ್ತಿಲ್ಲ. ಮತ್ತೆ ಕಣ್ಣು ಬಿಟ್ಟರೆ ಕೆಳಗೆ ಕಬ್ಬಿನ ಸುಳಿ ಎಣಿಸುವಷ್ಟು ಹತ್ತಿರ ಇತ್ತಂತೆ. ಹೇಗೋ ಎತ್ತಿಕೊಂಡು, ಇನ್ನೊಂದು ಸುತ್ತು ಬಂದು, ಇಳಿದಿದ್ದರು. ಕೈಯಲ್ಲಿದ್ದ ಸೌಟನ್ನು ಅಲ್ಲೇ ಇಟ್ಟು ಅವರೆದುರು ಕೂತೆ.

"ಐತವಾರ ಇದನ್ನ ಹೇಳಬ್ಯಾಡ್ರಿ," ಎಂದೆ. ಯಾಕೆ ಹಾಗೆಂದೆನೋ. ಹೆಂಗಸರಿಗೆ ಕೆಲವು ಮಾತು ಮೊದಲೇ ಮೂಗಿಗೆ ಬಡಿಯುತ್ತವೆ.

"ಇದನ್ನ ಹೇಳದ ಇದ್ರ ಮತ್ತೇನ ಹೇಳಾಕ ಕುಂಡರತೇವಿ ಅಲ್ಲಿ?" ಎಂದರು. ಅವರು ಹಾಗೇ ಇದ್ದರು ಆಗ.

ಆ ಐತವಾರದ ಸಭೆ ನಿಪ್ಪಾಣಿಯ ಸಾವ್ಕಾರರ ಮನೆಯಲ್ಲಿ. ತಂಬಾಕಿನ ಘಾಟು ಗೋಡೆಗೂ ಹತ್ತಿಕೊಂಡ ದೊಡ್ಡ ಮನೆ. ನಾವು ಹೆಂಗಸರು ನಡುಮನೆಯಲ್ಲಿದ್ದೆವು, ಮಾತು ನಿಚ್ಚಳವಾಗಿ ಕೇಳುತ್ತಿತ್ತು. ನಮ್ಮವರು ಒಂದನ್ನೂ ಬಿಡದೆ ಹೇಳಿದರು. ಹೇಳಿ, ಕೊನೆಗೆ ಒಂದು ಸೂಚನೆ ಮಾಡಿದರು: "ಉಪಾಸ ಇದ್ದಾಂವ ಅವತ್ತ ಹಾರಬಾರದು ಅಂತ ಒಂದ ನಿಯಮಾ ಮಾಡೂಣ್ರಿ. ಅವನ ಸರದಿ ಸುಟ್ಟ ಹೋಗಬಾರದು, ಬ್ಯಾರೆ ದಿನಾ ಕೊಡೂಣು."

ಮೊದಲು ಕೆರಳಿದವರು ಕಾಗವಾಡದ ಕಾಕಾ. ಅವರೂ ಜೈನರೇ, ವ್ರತ ನೇಮದಲ್ಲಿ ಎತ್ತಿದ ಕೈ. ತಮ್ಮ ಉಪವಾಸಗಳನ್ನು ಬೇರೆಯವರು ಎಣಿಸಲಿ ಎಂದು ಕಾಯುವಂಥವರು.

"ನಲವತ್ತ ವರ್ಷಾತು ನಾ ಉಪಾಸ ಮಾಡಾಕತ್ತ," ಎಂದರು. "ಒಂದ ದಿನಾ ನನಗೇನೂ ಆಗಿಲ್ಲ. ಆಗಲಾರದಾಂವ ವ್ರತಾ ಹಿಡೀಬಾರದು. ಅದಕ್ಕ ವಿಮಾನದ ನಿಯಮಾ ಯಾಕ?"

ಸಾವ್ಕಾರರು ನಯವಾಗಿ ಕೇಳಿದರು: "ಅಲ್ರಿ, ನಿಮಗೇನ ಮೊದ್ಲಿಂದ ಫಿಟ್ಸ ಏನರೆ ಬರ್ತಾವೇನ?"

ಪಾಟೀ ಸವಾಲು ಹಾಕಬಾರದೆಂಬ ಕಟ್ಟಳೆ ಅಲ್ಲೇ ಮುರಿಯಿತು. ಸಾಹೇಬರು ತಡೆಯಬೇಕಿತ್ತು. ತಡೆಯಲಿಲ್ಲ. ಅವರಿಗೆ ಧರ್ಮದ ವಿಷಯದಲ್ಲಿ ಕೈ ಹಾಕುವುದು ಬೇಡವಾಗಿತ್ತು. "ಆತು, ವಿಚಾರ ಮಾಡೂಣು, ಊಟಕ್ಕ ಏಳ್ರಿ," ಎಂದರು. ವಿಮಾನ ಅಲ್ಲಾಡಿದರೂ ಅಲ್ಲಾಡದ ಮನುಷ್ಯ, ಕಾಕಾನ ಹುಬ್ಬು ಏರಿದ್ದಕ್ಕೆ ಅಲ್ಲಾಡಿದರು. ರಾಯಬಾಗದ ಹುಡುಗ ಮಾತ್ರ ಊಟದ ಸಾಲಿನಲ್ಲಿ ನಮ್ಮವರ ಪಕ್ಕ ಬಂದು ಕೂತ. ನಿಯಮದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಆಮೇಲಿನದ್ದು ಬೇಗ ಬೇಗ ಆಯಿತು. ಅಥಣಿಯ ಸಂತೆಯಲ್ಲಿ ನಾನು ಕಾಯಿಪಲ್ಯೆ ಆರಿಸುತ್ತಿದ್ದಾಗ, ಪರಿಚಯದ ಹೆಂಗಸೊಬ್ಬಳು ಮೈಗೆ ಮೈ ತಾಗಿಸಿ ನಿಂತು, "ನಿಮ್ಮ ಮನ್ಯಾಗಿನವ್ರಿಗಿ ಮೂರ್ಛಾ ಬರ್ತಾವಂತ್ರಿ? ತೋರಸ್ರಿ ಎಲ್ಲೆರೆ," ಎಂದಳು. ಎಲ್ಲಿ ಕೇಳಿದೆ ಎಂದರೆ, ನಿಪ್ಪಾಣಿಯಿಂದ ಬಂದ ತನ್ನ ಅಣ್ಣ ಹೇಳಿದ ಎಂದಳು. ನಿಪ್ಪಾಣಿಯಿಂದ ಅಥಣಿಗೆ ಮಾತು ಬಸ್ಸಿಗಿಂತ ಮೊದಲು ಮುಟ್ಟಿತ್ತು. ತೆಲಸಂಗದಿಂದ ನನ್ನ ಅಕ್ಕ ಗಾಬರಿಯಾಗಿ ಓಡಿ ಬಂದಳು. ನಮ್ಮ ತೋಟದ ಆಳುಗಳು ಅವರು ಏಣಿ ಹತ್ತಿದರೆ ಕೆಳಗೆ ನಿಂತು ಹಿಡಿಯತೊಡಗಿದರು.

ಹಾರಿಸುವವರ ಆರೋಗ್ಯ ಪರೀಕ್ಷಿಸಿ ಸಹಿ ಮಾಡುವ ಡಾಕ್ಟರರು ದೂರದ ಊರಿನಲ್ಲಿದ್ದರು. ಅವರ ಸಹಿ ಇಲ್ಲದೆ ಪರವಾನಗಿ ಇದ್ದೂ ಇಲ್ಲದ ಹಾಗೆ. ಆ ವರ್ಷದ ತಪಾಸಣೆಗೆ ನಮ್ಮವರು ಹೋದರೆ, ಡಾಕ್ಟರರು ಮೊದಲ ಮಾತಿಗೇ, "ನೀವು ಮೇಲೆ ಪ್ರಜ್ಞೆ ತಪ್ಪಿದ್ದಿರಂತಲ್ಲ," ಎಂದರಂತೆ. ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಲೆಯ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು ಡಾಕ್ಟರರು. ಮಿರಜಿಗೆ ಹೋಗಿ ಮಾಡಿಸಿದೆವು. ಏನೂ ಇಲ್ಲ, ಹೊಟ್ಟೆ ಖಾಲಿ, ಬಿಸಿಲು, ನೀರಿಲ್ಲ, ಅಷ್ಟೇ ಎಂದು ಅಲ್ಲಿಯವರು ಹೇಳಿದರು. ಆದರೂ ಸಹಿ ಆಗಲಿಲ್ಲ. ಇವರ ಜೊತೆ ಹಾರುವವರು ಯಾರಾದರೂ ಬಂದು ಇವರ ಪರವಾಗಿ ಒಂದು ಮಾತು ಹೇಳಿದರೆ ನೋಡೋಣ ಎಂದರು ಆ ಡಾಕ್ಟರರು.

ಒಂದು ಮಾತು. ನಾಲ್ಕು ಜನರಲ್ಲಿ ಒಬ್ಬರು ಹೋಗಿ ಹೇಳಬೇಕಿತ್ತು. ಸಾಹೇಬರು ಮುಂದಿನ ತಿಂಗಳು ಹೋಗೋಣ ಎಂದರು. ಮುಂದಿನ ತಿಂಗಳು ಅವರ ಮಗಳ ಬಾಣಂತನ. ಅದರ ಮುಂದಿನ ತಿಂಗಳು ಇನ್ನೊಂದು. ಕಾಕಾನಿಗೆ ಕೇಳುವ ಹಾಗೇ ಇರಲಿಲ್ಲ. ಸಾವ್ಕಾರರು, "ಜಾವೂ ದ್ಯಾ, ಬಿಡ್ರಿ, ಆಗತೈತಿ ತಗೋರಿ," ಎಂದು ಬೆನ್ನು ತಟ್ಟಿ, ಅಲ್ಲಿಯವರೆಗೆ ದಿನ ಯಾಕೆ ಹಾಳಾಗಬೇಕು ಎಂದು ಶುಕ್ರವಾರವನ್ನೂ ತಾವೇ ಇಟ್ಟುಕೊಂಡರು. ರಾಯಬಾಗದ ಹುಡುಗ ತಾನು ಹೋಗಿ ಹೇಳುತ್ತೇನೆ ಎಂದ. ಅವನೇ ಹೊಸಬ, ಅವನ ಮಾತಿಗೆ ತೂಕವಿಲ್ಲ ಎಂದು ಅವನನ್ನು ಕೂರಿಸಿದರು. ಹೀಗೆ ಎರಡು ವರ್ಷ ಉರುಳಿದವು.

ನನಗೆ ಇವತ್ತಿಗೂ ಸಿಟ್ಟು ಬರುವುದು ಯಾವುದಕ್ಕೆ ಗೊತ್ತೇ? ಆ ಎರಡು ವರ್ಷವೂ ಇವರು ಒಂದು ಐತವಾರ ತಪ್ಪಿಸಲಿಲ್ಲ. ಹಾರದಿದ್ದರೂ ಹೋಗುತ್ತಿದ್ದರು. ಮೂಲೆಯ ಕುರ್ಚಿಯಲ್ಲಿ ಕೂತು ಪಾಠ ಕೇಳುತ್ತಿದ್ದರು. ತಪ್ಪು ಹೇಳುವ ಹೊತ್ತಿಗೆ ಇವರ ಸರದಿ ಬಂದರೆ ಸಾಹೇಬರು ಕಣ್ಣು ತಪ್ಪಿಸಿ ಮುಂದಿನವರತ್ತ ತಿರುಗುತ್ತಿದ್ದರು. ಹಾರದವನಿಗೆ ತಪ್ಪೆಲ್ಲಿಯದು. ನಾನು ಮನೆಗೆ ಬಂದು, ನಿಮಗೆ ಮಾನ ಮರ್ಯಾದೆ ಇಲ್ಲವೇ ಎಂದು ಜಗಳ ತೆಗೆಯುತ್ತಿದ್ದೆ. ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ತೋಟಕ್ಕೆ ನಡೆಯುತ್ತಿದ್ದರು. ಇಳಿದು ಬಂದ ದಿನದ ಆ ಮುಖ ಮತ್ತೆ ನೋಡಲಿಲ್ಲ ನಾನು. ಮೇಲೆ ಯಾರದಾದರೂ ಸಪ್ಪಳ ಕೇಳಿದರೆ ಬಳ್ಳಿಯ ನಡುವೆ ನಿಂತು ತಲೆ ಎತ್ತುತ್ತಿದ್ದರು, ಅಷ್ಟೇ.

ಇನ್ನು ಉಳಿದವರ ತಪ್ಪುಗಳು. ಅವತ್ತಿನ ನಂತರ ಅವು ಎಂಥ ಸಣ್ಣ ಸಣ್ಣ ತಪ್ಪುಗಳಾದವು ಎಂದರೆ ಬಾಗಿಲ ಹಿಂದೆ ನಿಂತ ನನಗೇ ನಗು ಬರುತ್ತಿತ್ತು. ಒಬ್ಬರು ಗಾಜು ಒರೆಸಲು ಮರೆತಿದ್ದರು. ಒಬ್ಬರು ಕರವಸ್ತ್ರವನ್ನು ಸೀಟಿನ ಮೇಲೆ ಬಿಟ್ಟು ಬಂದಿದ್ದರು. ಕಾಕಾ ಒಂದು ವಾರ, ಈ ಸಲ ತಪ್ಪೇ ಆಗಿಲ್ಲ, ಏನು ಮಾಡಲಿ ಎಂದರು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಸಾಹೇಬರ ಕರಿಹಲಗೆ ಬರುತ್ತಲೇ ಇತ್ತು, ಪಾಠ ನಡೆಯುತ್ತಲೇ ಇತ್ತು, ನಾವು ಹೋಳಿಗೆ ಬೇಯಿಸುತ್ತಲೇ ಇದ್ದೆವು.

ಎರಡು ವರ್ಷದ ನಂತರದ ಬೇಸಿಗೆಯಲ್ಲಿ, ಒಂದು ಬುಧವಾರ ಸಂಜೆ, ರಾಯಬಾಗದ ಹುಡುಗ ಕಬ್ಬಿನ ಹೊಲದಲ್ಲಿ ಬಿದ್ದ. ಪಟ್ಟಿಗೆ ಇಳಿಯಲು ತಿರುಗಿದ ವಿಮಾನ ತಿರುಗುತ್ತ ತಿರುಗುತ್ತ ಹಾಗೇ ಕೆಳಗೆ ಹೋಯಿತು ಎಂದು ಕುರಿಯವರು ಹೇಳಿದರು. ಇಂಜಿನ್ನಿನ ಸಪ್ಪಳ ಕೊನೆಯವರೆಗೂ ಇತ್ತು ಎಂದೂ ಹೇಳಿದರು. ಜನ ಕಬ್ಬು ಸೀಳಿಕೊಂಡು ಓಡಿದರು. ಹೋಗುವಷ್ಟರಲ್ಲಿ ಜೀವ ಇರಲಿಲ್ಲ. ಅವತ್ತು ಅಷ್ಟಮಿ, ನಮ್ಮ ಜೈನರಿಗೆ ಅದೂ ಉಪವಾಸದ ದಿನ.

ನಾವು ಅವನ ಮನೆಗೆ ಹೋದಾಗ ಅಂಗಳ ತುಂಬ ಜನ. ಅವನ ಹೆಂಡತಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಹೋಗಿ ಪಕ್ಕ ಕೂತೆ. ಬೇರೆ ಹೆಂಗಸರು ಎದ್ದು ಹೋದ ಮೇಲೆ ಸಣ್ಣ ದನಿಯಲ್ಲಿ ಶುರು ಮಾಡಿದಳು.

"ವೈನಿ, ಮೊದ್ಲ ಎರಡ ಸಲ ಹಿಂಗ ಆಗಿತ್ತ ಅವ್ರಿಗಿ. ಉಪಾಸ ಇದ್ದಾಗನ. ಮ್ಯಾಲ ಕಣ್ಣಿಗಿ ಕತ್ತಲಿ ಬಂದಿತ್ತಂತ. ನನಗಷ್ಟ ಹೇಳಿದ್ರು."

"ಸಭಾದಾಗ ಹೇಳಲಿಲ್ಲೇನವಾ?"

"ನಾ ಹೇಳ್ರಿ ಅಂದ್ಯಾ. ಅಣ್ಣಾರ ಗತಿ ಏನಾತ ನೋಡಿಯಿಲ್ಲ ಅಂದ್ರು." ಆಮೇಲೆ ನನ್ನತ್ತ ತಿರುಗಿದಳು. ಅತ್ತು ಅತ್ತು ಕಣ್ಣು ಮುಚ್ಚಿಹೋಗಿದ್ದವು. "ಅಣ್ಣಾರು ಅವತ್ತ ಸುಮ್ನ ಇದ್ದಿದ್ರ, ವೈನಿ, ನಮ್ಮವ್ರು ಹೇಳ್ತಿದ್ರು. ಹೇಳಿ ಬದಕ್ತಿದ್ರು."

ತಪ್ಪು ಅವಳ ಲೆಕ್ಕದಲ್ಲೂ ನಮ್ಮವರ ಮೇಲೇ ಬಂತು. ಆದರೆ ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದು ನಿಜವೇ ಇತ್ತು. ನಿಜ ಹೇಳಿದವನಿಗೆ ಏನಾಗುತ್ತದೆ ಎಂದು ಆ ಹುಡುಗ ನಮ್ಮ ಮನೆಯಲ್ಲೇ ಉಂಡು, ನಮ್ಮ ಮನೆಯಲ್ಲೇ ನೋಡಿ, ಕಲಿತಿದ್ದ. ಐತವಾರದ ಸಭೆ ಅವನಿಗೆ ಕಲಿಸಿದ ಪಾಠ ಅದೊಂದೇ.

ವಾಪಸು ಬರುವಾಗ ದಾರಿಯಲ್ಲಿ ಬಾಡಿಗೆಯ ಜೀಪು ನಿಲ್ಲಿಸಲು ಹೇಳಿ ನಮ್ಮವರಿಗೆ ಎಲ್ಲ ತಿಳಿಸಿದೆ. ಅವರು ರಸ್ತೆ ಬಿಟ್ಟು, ಕಬ್ಬಿನ ಬದುವಿನ ಗುಂಟ ದೂರ ನಡೆದು ಹೋಗಿ ಬಂದರು. ಇವರು ಈ ಸಲ ಬಿಡುವುದಿಲ್ಲ, ಐತವಾರ ಎಲ್ಲರ ಮುಖಕ್ಕೆ ಹೇಳುತ್ತಾರೆ ಎಂದು ನಾನು ಅಂದುಕೊಂಡೆ. ಖಾತ್ರಿಯಾಗಿ ಅಂದುಕೊಂಡೆ.

ಸೂತಕ ಕಳೆದ ಮೇಲಿನ ಐತವಾರ ಸಭೆ ನಮ್ಮ ಮನೆಯಲ್ಲೇ ಬಂತು. ಕರಿಹಲಗೆ ಬಂದಿರಲಿಲ್ಲ. ಸತ್ತ ಹುಡುಗನಿಗಾಗಿ ಎರಡು ನಿಮಿಷ ಎದ್ದು ನಿಂತರು, ಕೂತರು. ಸಾಹೇಬರು ವಿಷಯಕ್ಕೆ ಬಂದರು. ಆ ವಾರ ತನಿಖೆಗೆ ಅಧಿಕಾರಿಗಳು ಬರುವವರಿದ್ದರು, ಎಲ್ಲರ ಬಾಯಲ್ಲಿ ಒಂದೇ ಮಾತು ಇರಬೇಕಿತ್ತು.

"ಉಪಾಸದ ಮಾತ ಎತ್ತೂದ ಬ್ಯಾಡ," ಎಂದರು ಸಾಹೇಬರು. "ಎತ್ತಿದ್ರ ನಮ್ಮ ಎಲ್ಲಾರ ಪರವಾನಗಿ ಕುತಗೀಗಿ ಬರ್ತೈತಿ. ಹುಡುಗನ ಮನಿತನಕ್ಕೂ ಚಂದಲ್ಲ."

"ಧರ್ಮಕ್ಕ ಹೆಸರ ಬರೂದು ನನಗೂ ಬ್ಯಾಡ," ಎಂದರು ಕಾಕಾ.

"ಹಳೀ ಇಂಜಿನ್ನ. ಅದಕ್ಕೇನ ಸಾಕ್ಷಿ ಬೇಕ?" ಎಂದರು ಸಾವ್ಕಾರರು.

ಆಮೇಲೆ ಸಾಹೇಬರು ನಮ್ಮವರತ್ತ ತಿರುಗಿದರು. ಎರಡು ವರ್ಷದಲ್ಲಿ ಮೊದಲ ಸಲ ತಿರುಗಿದರು. "ಹುಡುಗ ನಿಮ್ಮ ಕೂಡ ಭಾಳ ಹಚಿಗೊಂಡಿದ್ದ. ನಿಮಗ ಏನರೆ ಹೇಳಿದ್ನೇನ?"

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಹೇಳ್ರಿ, ಹೇಳ್ರಿ ಎಂದು ಮನಸ್ಸಿನಲ್ಲೇ ಒದರುತ್ತಿದ್ದೆ. ಅವರು ಒಮ್ಮೆ ನನ್ನತ್ತ ನೋಡಿದರು. ಆಮೇಲೆ ಸಾಹೇಬರನ್ನು ನೋಡಿ, "ಇಲ್ರಿ. ಇಂಜಿನ್ನ ಇರಬೇಕು," ಎಂದರು.

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅವತ್ತು ಊಟಕ್ಕೆ ಕೂತಾಗ ಕಾಕಾ ನಮ್ಮವರನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡರು. ಸಾವ್ಕಾರರು ಎರಡನೆಯ ಹೋಳಿಗೆ ಹಾಕಿಸಿಕೊಳ್ಳುತ್ತ ಹೇಳಿದರು: "ಅಲ್ರಿ, ನಿಮ್ಮ ಮೆಡಿಕಲ್ ಎಷ್ಟ ದಿನಾ ಹಂಗ ಕೊಳಸ್ತೀರಿ? ಬುಧವಾರ ನಾ ಆ ಕಡೆ ಹೊಂಟೇನಿ. ಡಾಕ್ಟರ್‌ಗ ಹೇಳ್ತೇನಿ ನಾನು."

ಹೇಳಿದರು. ಎರಡು ವರ್ಷ ಆಗದಿದ್ದ ಸಹಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು. ತನಿಖೆ ಇಂಜಿನ್ನಿನ ಮೇಲೆ ಮುಗಿಯಿತು. ಮಳೆಗಾಲ ಕಳೆಯುವುದರೊಳಗೆ ಇನ್ನೊಂದು ಹಳೆಯ ವಿಮಾನ ಪತ್ರಾಸಿನ ಶೆಡ್ಡಿಗೆ ಬಂದು ನಿಂತಿತು. ದಿನ ಹಂಚುವಾಗ ಸಾವ್ಕಾರರು ಶುಕ್ರವಾರ ಬಿಡಲಿಲ್ಲ. ಬುಧವಾರ ಖಾಲಿ ಇತ್ತಲ್ಲ, ನಮ್ಮವರಿಗೆ ಬುಧವಾರ ಕೊಟ್ಟರು. ಇವರು ತೆಗೆದುಕೊಂಡರು.

ಅವತ್ತು ನಾನು ಬಿಡಲಿಲ್ಲ. ತೋಟಕ್ಕೇ ಹೋಗಿ, ಬಳ್ಳಿ ಕತ್ತರಿಸಿ ಚಾಟಣಿ ಮಾಡುತ್ತಿದ್ದ ಆಳುಗಳನ್ನು ಆಚೆ ಕಳಿಸಿ, ಕೇಳಿದೆ. "ಯಾಕ ಹೇಳಲಿಲ್ಲ ನೀವು? ಯಾಕ?"

ಅವರು ಕೈಯಲ್ಲಿದ್ದ ಕತ್ತರಿಯಿಂದ ಒಂದು ಬಳ್ಳಿಯ ತುದಿ ಕತ್ತರಿಸಿ ಕೆಳಗೆ ಹಾಕಿದರು. "ಹೇಳಿ ನೋಡೇನಲ್ಲ ಒಮ್ಮಿ," ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಸುಳ್ಳಲ್ಲದ್ದಕ್ಕೇ ಅವರ ಮೇಲೆ ಹೆಚ್ಚು ಸಿಟ್ಟು ಬಂತು. ಉಳಿದ ಮೂವರು ಕೆಟ್ಟವರೆಂದು ನಾನು ಮೊದಲೇ ಒಪ್ಪಿಕೊಂಡಿದ್ದೆ. ಅವರ ಸಾಲಿನಲ್ಲಿ ಇವರೂ ಕೂತು ಉಂಡದ್ದನ್ನು ನೋಡಬೇಕಾಯಿತಲ್ಲ, ಅದು ನನಗೆ ತಡೆಯಲಾಗಲಿಲ್ಲ. ಜನ ಮಾತ್ರ ನಮ್ಮ ಮನೆಯವರ ರೋಗ ವಾಸಿಯಾಯಿತು ಎಂದು ಸಂತೋಷಪಟ್ಟರು.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ರಾಯಬಾಗದ ಹುಡುಗನ ಹೆಂಡತಿ ನಮ್ಮ ಮನೆಗೆ ಬಂದಳು. ತವರಿಗೆ ಹೋಗಿಬಿಡುವವಳಿದ್ದಳು, ಹೇಳಿ ಹೋಗಲು ಬಂದಿದ್ದಳು. ಬುಧವಾರ ಯಾರಿಗೆ ಹೋಯಿತು ಎಂದು ಅವಳಿಗೆ ಗೊತ್ತಾಗಿತ್ತು. ಬೈಯುತ್ತಾಳೆ ಎಂದು ನಾನು ತಲೆ ತಗ್ಗಿಸಿ ಕೂತೆ. ಬೈದಿದ್ದರೆ ಚೆನ್ನಾಗಿತ್ತು. ಚಹಾ ಕುಡಿದು, ಕಪ್ಪು ಬಸಿ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು ಎದ್ದಳು. ಹೊಸ್ತಿಲ ಹತ್ತಿರ ನಿಂತು ನನ್ನ ಕೈ ಹಿಡಿದಳು.

"ಅಣ್ಣಾರಿಗಿ ಹೇಳ್ರಿ ವೈನಿ," ಎಂದಳು. "ಉಪಾಸ ಇದ್ದ ದಿನಾ ಹಾರಬ್ಯಾಡ್ರಿ ಅಂತ ಹೇಳ್ರಿ. ನಾ ಹೇಳೇನಿ ಅಂತ ಹೇಳ್ರಿ."

ಅವಳು ಹೋದ ಮೇಲೆ ನಾನು ಪಡಸಾಲೆಗೆ ಬಂದೆ. ಇವರು ಬೂಟು ಹಾಕಿಕೊಳ್ಳುತ್ತಿದ್ದರು. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಆಯಿತು ಎನ್ನುವ ಹಾಗೆ ತಲೆಯಾಡಿಸಿ, ಗೂಟದಿಂದ ಮೋಟಾರ್ ಸೈಕಲ್ಲಿನ ಕೀಲಿ ತೆಗೆದುಕೊಂಡು ಮೆಟ್ಟಿಲಿಳಿದರು. ಅವತ್ತು ಬುಧವಾರ, ಚತುರ್ದಶಿ. ಬೆಳಿಗ್ಗೆಯಿಂದ ಅವರು ನೀರು ಮುಟ್ಟಿರಲಿಲ್ಲ.